ಯಾರೂ ಮೀಟದ ಗಾಂಧಾರ

ಇಚಲಕರಂಜಿಯ ಕಡೆಯಿಂದ ಯಡ್ರಾವದ ದಾರಿ ಹಿಡಿದರೆ ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ತಗಡಿನ ಶೆಡ್ಡುಗಳೊಳಗೆ ಸಾಲಾಗಿ ನಿಂತ ಪವರ್‌ಲೂಮುಗಳು, ಒಂದರ ಮಾತು ಮುಗಿಯುವ ಮುಂಚೆ ಇನ್ನೊಂದು ಬಾಯಿ ಹಾಕುತ್ತ, ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಗೆಯುತ್ತ, ಹಗಲು ಇರುಳೆನ್ನದೆ ಒಂದೇ ಜಪದಲ್ಲಿ ಮುಳುಗಿರುತ್ತವೆ. ಕಬ್ಬಿನ ಹೊಲಗಳ ಮೇಲಿಂದ ಹಾಯ್ದು ಬರುವ ಗಾಳಿಗೂ ಆ ತಾಳ ಹತ್ತಿಬಿಟ್ಟಿದೆಯೇನೋ, ಸೋಗೆಗಳು ಕೂಡ ಅದೇ ಲಯದಲ್ಲಿ ಅಲುಗುತ್ತವೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಮಗ್ಗದ ಸದ್ದು ಸದ್ದೇ ಅಲ್ಲ, ಅದು ನಿಂತಾಗಲಷ್ಟೇ ಅವರಿಗೆ ಎಚ್ಚರ. ಕರೆಂಟು ಹೋದ ರಾತ್ರಿ, ಎಲ್ಲ ಶೆಡ್ಡುಗಳೂ ಒಮ್ಮೆಲೆ ಸುಮ್ಮನಾದ ಮೇಲೆ, ಯಾವುದೋ ಮನೆಯ ತೊಟ್ಟಿಲ ಕೂಸು ಬೆಚ್ಚಿ ಅಳಲು ಶುರುಮಾಡುವುದನ್ನು ನಾನು ಕೇಳಿದ್ದೇನೆ. ಮಹಾರಾಷ್ಟ್ರದ ಶಿರೋಳ ತಾಲೂಕಿನ ಈ ಪಟ್ಟಿಯಲ್ಲಿ ಎಷ್ಟೋ ಮನೆಗಳ ಒಳಗಿನ ಮಾತು ಕನ್ನಡ, ಓಣಿಯ ಮಾತು ಮರಾಠಿ, ದುಡಿಮೆಯ ಮಾತು ಮಗ್ಗದ್ದು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಜನ, ಸಂಗೀತದ ಬಗ್ಗೆ ಮಾತಾಡುವುದೇ ಇಲ್ಲ. ಆದರೂ ಇದು ಸಂಗೀತದಿಂದ ಸುತ್ತುವರಿದ ನೆಲ. ಒಂದು ಕಡೆ ಪಂಚಗಂಗೆ, ಇನ್ನೊಂದು ಕಡೆ ಕೃಷ್ಣೆ, ಅವೆರಡೂ ಕೂಡುವ ನರಸೋಬಾ ವಾಡಿ, ಅದರ ಪಕ್ಕಕ್ಕೆ ಕುರುಂದವಾಡ, ನದಿ ದಾಟಿದರೆ ಮಿರಜ.

ನಾನು ಹುಡುಕಿಕೊಂಡು ಹೋದದ್ದು ಬೇಸ್ ಗಿಟಾರನ್ನು. ಮುಚ್ಚಿಹೋದ ಯಾವುದೋ ಆರ್ಕೆಸ್ಟ್ರಾದ ಹಳೆಯ ಬೇಸ್ ಗಿಟಾರೊಂದು ಯಡ್ರಾವದ ಗುಜರಿ ಅಂಗಡಿಗೆ ಬಂದಿದೆ, ಅಗ್ಗಕ್ಕೆ ಸಿಕ್ಕೀತು ಎಂದು ಯಾರೋ ಹೇಳಿದ್ದರು. ಮನೆಯಲ್ಲೊಬ್ಬ ಹುಡುಗನಿಗೆ ಅದರ ಹುಚ್ಚು. ಅಂಗಡಿಯೆಂದರೆ ಮಗ್ಗಗಳ ಮುಪ್ಪಿನ ಮನೆ: ಹಲ್ಲು ಸವೆದ ಗಾಲಿಗಳು, ತುಕ್ಕು ಹಿಡಿದ ಬೀಮುಗಳು, ಮೂತಿ ಮುರಿದ ಲಾಳಿಗಳ ರಾಶಿ, ನೂಲು ತೀರಿದ ಕಂಡಿಕೆಗಳ ಗೋಣಿ, ಎಲ್ಲದರ ಮೇಲೂ ಹಿಂಜಿದ ಹತ್ತಿಯ ಬಿಳಿ ಧೂಳು ಮಂಜಾಗಿ ಕೂತಿತ್ತು. ಆ ಧೂಳಿನ ಹಿಂದೆ, ಗೋಡೆಗೆ ಒರಗಿ, ಎರಡು ವಾದ್ಯಗಳು ಅಕ್ಕಪಕ್ಕ ನಿಂತಿದ್ದವು. ಒಂದು ನಾನು ಹುಡುಕಿ ಬಂದದ್ದು. ಇನ್ನೊಂದು ತಂಬೂರಿ.

ಎರಡಕ್ಕೂ ನಾಲ್ಕು ತಂತಿಯ ತಾವು. ಎರಡರ ಕೆಲಸವೂ ಕೆಳಗಿನದು, ಮೇಲೆ ಹಾಡುವವರ ಕಾಲ ಕೆಳಗಿನ ನೆಲವಾಗುವುದು. ವೇದಿಕೆಯಲ್ಲಿ ಎರಡೂ ಹಿಂದೆ ನಿಲ್ಲುತ್ತವೆ, ಚಪ್ಪಾಳೆ ಬೀಳುವುದು ಮುಂದೆ ಇರುವವರಿಗೆ. ಇವು ನಿಂತ ಕ್ಷಣದಲ್ಲಿ ಮಾತ್ರ ಕೇಳುವವನಿಗೆ ಏನೋ ಕುಸಿದ ಅನುಭವವಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಬೇಸ್ ಗಿಟಾರಿಗೆ ವಯಸ್ಸು ಕಡಿಮೆ. ಆಳೆತ್ತರದ ಮರದ ಬೇಸ್ ವಾದ್ಯವನ್ನು ಹೊತ್ತು ಊರೂರು ತಿರುಗುವವರ ಪಾಡು ಕಂಡು, ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿಯಿಂದ ಬದುಕು ಕಟ್ಟಿಕೊಂಡಿದ್ದ ಲಿಯೋ ಫೆಂಡರ್ 1951ರಲ್ಲಿ ಅದನ್ನು ಹಲಗೆಯಷ್ಟು ತೆಳ್ಳಗೆ ಮಾಡಿ, ಕೊರಳಿಗೆ ನೇತುಹಾಕುವ ವಸ್ತುವಾಗಿಸಿದ. ಹಳೆಯ ಬೇಸ್ ಗಿಟಾರು ಅಗ್ಗಕ್ಕೆ ಸಿಗುವುದೆಂದರೆ ಏನೆಂಬುದಕ್ಕೆ ಆ ಲೋಕದಲ್ಲಿ ಒಂದು ಐತಿಹ್ಯವೇ ಇದೆ. ಫ್ಲೋರಿಡಾದಲ್ಲಿ ಬೆಳೆದ ಜಾಕೊ ಪಾಸ್ಟೋರಿಯಸ್ ತನ್ನ 1962ರ ಮಾದರಿಯ ವಾದ್ಯವನ್ನು ತೊಂಬತ್ತು ಡಾಲರಿಗೆ ಕೊಂಡದ್ದೆಂದು ಹೇಳಿಕೊಳ್ಳುತ್ತಿದ್ದನಂತೆ. ಅದರ ಮೆಟ್ಟುಗಳನ್ನೆಲ್ಲ ಕಿತ್ತು, ಉಳಿದ ಗೀರುಗಳನ್ನು ಮುಚ್ಚಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿ, ಅಲ್ಲಿಯವರೆಗೆ ಗುಡುಗಲಷ್ಟೇ ಗೊತ್ತಿದ್ದ ತಂತಿಗಳಿಗೆ ಅವನು ಹಾಡಲು ಕಲಿಸಿದ. 1986ರಲ್ಲಿ ಅದು ನ್ಯೂಯಾರ್ಕಿನ ಉದ್ಯಾನವೊಂದರಿಂದ ಕಳುವಾಯಿತು. ಮರುವರ್ಷ ಅವನೇ ಹೋದ. ಸುಮಾರು ಇಪ್ಪತ್ತು ವರ್ಷಗಳ ಮೇಲೆ ವಾದ್ಯ ಅದೇ ನಗರದ ಅಂಗಡಿಯೊಂದರಲ್ಲಿ ಎದ್ದು ಬಂತು. ಅಷ್ಟು ವರ್ಷ ಯಾವ ಮೂಲೆಯಲ್ಲಿ, ಯಾವ ಬಟ್ಟೆಯೊಳಗೆ ಸುಮ್ಮನೆ ಮಲಗಿತ್ತೋ.

ಯಡ್ರಾವದ ಗಿಟಾರು ಅಂಥದ್ದಲ್ಲ, ಹೇಳಿಬಿಡುತ್ತೇನೆ. ಕತ್ತು ಬಾಗಿತ್ತು, ಒಳಗಿನ ತಂತಿಸುರುಳಿ ಯಾರೋ ಕಿತ್ತಿದ್ದರು. ಆದರೂ ಅಂಗಡಿಯ ಕಾಕಾ ಅದಕ್ಕೇ ಹೆಚ್ಚು ಬೆಲೆ ಹೇಳಿದರು.

“ಅದು ಕರೆಂಟಿಂದು ಮಾಸ್ತರ್ರ, ಅದರ ಮಾತ ಬ್ಯಾರೆ.”

“ಇದು?”

“ಇದಾ? ಈ ಭೋಪಳಾ ತಗೊಂಡ ಏನ ಮಾಡ್ತೀರಿ? ಕಟ್ಟಿಗಿ ತೂಕಕ್ಕ ಹಾಕಿದ್ರ ಚಾದ ರೊಕ್ಕಾನೂ ಬರೂದಿಲ್ಲ. ಎಂಟನೂರ ಕೊಟ್ಟ ತಗೊಂಡ ಹೋಗ್ರಿ, ಜಾಗಾ ಆದ್ರೂ ಖಾಲಿ ಆಗ್ತೈತಿ.”

ತಂಬೂರಿಯಲ್ಲಿ ಮೂರು ತಂತಿ ಹೋಗಿದ್ದವು. ಉಳಿದದ್ದು ನಾಲ್ಕನೆಯದು, ಖರ್ಜ, ದಪ್ಪನೆಯ ಹಿತ್ತಾಳೆಯದು, ಕಿಲುಬು ಹಿಡಿದು ಹಸಿರಾಗಿತ್ತು. ಬಿರಡೆ ತಿರುವಿದರೆ ಕಿರುಗುಟ್ಟಿತು, ಜಾರಿತು, ಮತ್ತೆ ಒತ್ತಿ ತಿರುವಿದಾಗ ನಿಂತಿತು. ಬೆರಳ ಪಕ್ಕೆಯಿಂದ ಮೆಲ್ಲಗೆ ಸವರಿದೆ. ಹೊರಗೆ ನೂರಾರು ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು, ಆದ್ದರಿಂದ ಕೇಳಿಸಿತೆಂದು ಹೇಳಲಾರೆ. ಆದರೆ ತೊಡೆಗೆ ತಾಗಿದ್ದ ಬುರುಡೆಯಿಂದ ಏನೋ ಮೈಯೊಳಗೆ ಇಳಿಯಿತು, ಬೆನ್ನೆಲುಬಿನ ಬುಡದವರೆಗೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೂತಾಗ ಏರುವ ಆ ನಿಧಾನದ ಬಿಸುಪು. ನಾನು ಬೆಲೆ ಚೌಕಾಸಿ ಮಾಡಲಿಲ್ಲ. ಮಾಡಬೇಕೆಂಬುದೇ ಮರೆತಿತ್ತು.

ಇಷ್ಟು ಅಗ್ಗ ಯಾಕೆ ಎಂಬುದಕ್ಕೆ ಕಾರಣ ದೂರವೇನಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ರಾಡೆಲ್ ಎಂಬ ಹೆಸರಿನಲ್ಲಿ ಆ ಪೆಟ್ಟಿಗೆ ಊರೂರಿನ ಸಂಗೀತ ಪಾಠದ ಮನೆಗಳನ್ನು ಹೊಕ್ಕಿತು. ಒಂಟಿಯಾಗಿ ರಿಯಾಜು ಮಾಡುವವರಿಗೆ, ಬಸ್ಸಿನಲ್ಲಿ ಕಛೇರಿಗೆ ಹೋಗುವವರಿಗೆ ಅದು ದೊಡ್ಡ ಉಪಕಾರ, ಅಲ್ಲಗಳೆಯುವಂತಿಲ್ಲ. ಈಗ ಫೋನಿನಲ್ಲೇ ತಂಬೂರಿ ಮಿಡಿಯುತ್ತದೆ, ಬಿರಡೆ ಜಾರುವುದಿಲ್ಲ, ಮಳೆಗಾಲಕ್ಕೆ ಉಬ್ಬುವುದಿಲ್ಲ. ಅಟ್ಟ ಹತ್ತಿದ ತಂಬೂರಿಗಳು ಅಜ್ಜಂದಿರು ತೀರಿಕೊಂಡ ಮೇಲೆ ಕೆಳಗಿಳಿದು, ಕೆಲವು ದೊಡ್ಡ ಹೋಟೆಲುಗಳ ಮೂಲೆಯಲ್ಲಿ ಅಲಂಕಾರಕ್ಕೆ ನಿಂತವು, ಕೆಲವು ಗುಜರಿಗೆ ಬಂದವು. ಬೆಲೆ ಎಂಬುದು ವಸ್ತುವಿನ ಮೈಗೆ ಅಂಟಿದ್ದಲ್ಲ, ನೋಡುವವರ ನೆನಪಿಗೆ ಅಂಟಿದ್ದು. ನೆನಪು ಕಳಚಿಕೊಂಡ ಕಡೆ ಬೆಲೆಯೂ ಕಳಚುತ್ತದೆ, ವಸ್ತು ಮಾತ್ರ ಇದ್ದಂತೆಯೇ ಇರುತ್ತದೆ, ತನ್ನ ಬೆಲೆ ಇಳಿದದ್ದು ಅದಕ್ಕೆ ಗೊತ್ತೇ ಇರುವುದಿಲ್ಲ.

ತಂಬೂರಿಯನ್ನು ಮನೆಗೆ ತಂದು ಒದ್ದೆ ಬಟ್ಟೆಯಲ್ಲಲ್ಲ, ಒಣ ಮಲ್ಲಿನ ಚೂರಿನಲ್ಲಿ ಒರೆಸುತ್ತ ಹೋದಂತೆ ಅದು ಪದರ ಪದರವಾಗಿ ಕಾಣಿಸತೊಡಗಿತು. ಧೂಳಿನ ಕೆಳಗೆ ಹೊಗೆ, ಹೊಗೆಯ ಕೆಳಗೆ ಎಣ್ಣೆಯ ಕೈಗಳ ಜಿಡ್ಡು, ಜಿಡ್ಡಿನ ಕೆಳಗೆ ಅರಗಿನ ಪಾಲಿಶಿನ ಕೆಂಪು, ಬೆಂಕಿ ಆರಿದ ಮೇಲೂ ಕೆಂಡದೊಳಗೆ ಉಳಿದಿರುವ ಬಣ್ಣ. ದಂಡಿಯು ಬುರುಡೆಯನ್ನು ಸೇರುವ ಜಾಗದಲ್ಲಿ ಮರದ ಎಲೆಗಳನ್ನು ಕೆತ್ತಿ ಕೂರಿಸಿದ್ದರು. ಪ್ರತಿ ಎಲೆಯ ನಡುವೆ ಒಂದು ನರ, ನರದ ಎರಡೂ ಕಡೆ ಕೂದಲಿನಷ್ಟು ಸಣ್ಣ ಗೀರುಗಳು, ಎಡಗಡೆಯ ಒಂದು ಎಲೆಯಲ್ಲಿ ಮಾತ್ರ ಗೀರು ಒಂದಿಷ್ಟು ಓರೆ, ಉಳಿ ಹಿಡಿದ ಕೈ ಯಾಕೋ ಆ ಗಳಿಗೆಯಲ್ಲಿ ಬೇರೆಲ್ಲೋ ನೋಡಿತ್ತು. ದಂಡಿಯ ಮೇಲೆ, ಮೀಟುವ ಬೆರಳು ಹಾದುಹೋಗುವ ಜಾಗದಲ್ಲಿ, ಪಾಲಿಶು ಸವೆದು ಮರ ನುಣ್ಣಗೆ ಕಪ್ಪಾಗಿತ್ತು. ಒಂದು ಬಿರಡೆಗೆ ಬಣ್ಣ ಹೋದ ದಾರ ಕಟ್ಟಿತ್ತು, ಹರಕೆಯದೋ ಗುರುತಿನದೋ. ಬುರುಡೆಯ ಬಾಯಿ ಮುಚ್ಚುವ ತಬಲಿಯ ಅಂಚಿನ ಸಂದಿಯಲ್ಲಿ ಕಪ್ಪು ಪುಡಿ ಸಿಕ್ಕಿಕೊಂಡಿತ್ತು. ಬೆರಳಿಗೆ ಹಚ್ಚಿ ಮೂಸಿದರೆ ತೀರ ಕ್ಷೀಣವಾದ ಒಂದು ಪರಿಮಳ. ವಿಠ್ಠಲನ ಭಜನೆಯವರು ಹಣೆಗಿಟ್ಟುಕೊಳ್ಳುವ ಬುಕ್ಕಾ ಇರಬಹುದು. ಬುರುಡೆಯ ಹಿಂಬದಿ ಬಿರುಕು, ಬಿರುಕಿನೊಳಗೆ ಕುಂಬಾರ ಹುಳದ ಮಣ್ಣಿನ ಗೂಡು. ಹಾಡು ನಿಂತ ಮನೆಯಲ್ಲಿ ಹುಳು ಸಂಸಾರ ಹೂಡಿ, ಮರಿ ಬೆಳೆಸಿ, ಹಾರಿಹೋಗಿತ್ತು.

ಆ ಬುರುಡೆ ಎಂದೋ ಒಂದು ಬಳ್ಳಿಯ ಕಾಯಿ. ಪಂಢರಪುರದ ಸುತ್ತ, ಭೀಮೆಯ ದಂಡೆಯ ಹೊಲಗಳಲ್ಲಿ, ತಿನ್ನಲು ಬಾರದ ಕಹಿ ಸೋರೆಯನ್ನು ಇದಕ್ಕೆಂದೇ ಬೆಳೆಯುತ್ತಾರೆ. ಬಳ್ಳಿ ಒಣಗಿದರೂ ಕಾಯನ್ನು ಕೊಯ್ಯದೆ ಬಿಸಿಲಿಗೆ ಬಿಟ್ಟು, ಸಿಪ್ಪೆ ಕಟ್ಟಿಗೆಯಾಗುವವರೆಗೆ ಕಾಯುತ್ತಾರೆ. ಒಳಗಿನ ನೀರೆಲ್ಲ ಹೋಗಿ, ತಿರುಳು ಹೋಗಿ, ಬೀಜ ಹೋಗಿ, ಕೊನೆಗೆ ಉಳಿಯುವುದು ದುಂಡಗಿನ ಒಂದು ಬಯಲು. ಎಷ್ಟೋ ಸಲ ನನಗೆ ಅನಿಸಿದ್ದಿದೆ, ವಾರಕರಿಗಳ ಅಭಂಗ ಕೇಳಿಸಿಕೊಳ್ಳುತ್ತ ಹಣ್ಣಾದ ಕಾಯಿ ಅದು, ನಾದ ಅದಕ್ಕೆ ಹೊಸದಾಗಿ ತುಂಬಿಸಬೇಕಾದ್ದೇನಲ್ಲ ಎಂದು. ಇದು ಕವಿಮಾತು, ಕಾಯಿಗೆ ಕಿವಿಯಿಲ್ಲ, ಬಲ್ಲೆ. ಆದರೂ ಕೈಯಲ್ಲಿ ಹಿಡಿದಾಗ ಹಾಗೇ ಅನಿಸುತ್ತದೆ. ಅದರ ಮೇಲೆ ತೂನ್ ಮರದ ದಂಡಿ, ತೂನ್ ಮರದ ತಬಲಿ. ಇವನ್ನೆಲ್ಲ ಒಟ್ಟುಮಾಡಿದವರು ಮಿರಜದವರು.

ಮಿರಜದ ತಂಬೂರಿಯ ಹುಟ್ಟಿನಲ್ಲಿ ಕತ್ತಿ ಇದೆ. ಅಲ್ಲಿ ವಾದ್ಯ ಮಾಡುವ ಮನೆತನಗಳ ಮೂಲ ಕಸುಬು ಶಿಕಲಗಾರಿಕೆ, ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು. ಇಂಗ್ಲಿಷರ ಆಳ್ವಿಕೆ ಬೇರೂರಿ ಯುದ್ಧಗಳು ನಿಂತಾಗ ಕತ್ತಿಗಳು ಒರೆ ಸೇರಿದವು, ಸಾಣೆಗೆ ಕೆಲಸವಿಲ್ಲದಾಯಿತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫರೀದ್‌ಸಾಹೇಬ್ ಎಂಬ ಶಿಕಲಗಾರರು ಮುರಿದ ವಾದ್ಯವನ್ನು ಕೈಗೆತ್ತಿಕೊಂಡರು, ರಿಪೇರಿ ಮಾಡುತ್ತ ಮಾಡುತ್ತ ಹೊಸದನ್ನೇ ಕಟ್ಟಿದರು. ಮಿರಜ ಸಂಸ್ಥಾನದ ಪಟವರ್ಧನರ ಆಶ್ರಯ ಸಿಕ್ಕಿತು. ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು ಅದನ್ನೇ ಹಿಡಿದರು. ಕತ್ತಿಯ ಅಲಗಿನ ಮೇಲೆ ಕೂದಲೆಳೆಯಷ್ಟು ಓರೆಯನ್ನು ಬೆರಳಿನಿಂದ ಗುರುತಿಸಬಲ್ಲ ಕೈಗಳು ತಂಬೂರಿಯ ತಂತಿ ಕೂರುವ ಕುದುರೆಯ ಮೇಲಿನ ಓರೆಯನ್ನು ಗುರುತಿಸತೊಡಗಿದವು. ಜಗತ್ತಿನಲ್ಲಿ ನಡೆದ ನಿಶ್ಶಸ್ತ್ರೀಕರಣಗಳಲ್ಲೆಲ್ಲ ನನಗೆ ತುಂಬ ಪ್ರಿಯವಾದದ್ದು ಇದೇ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು.

ಮಿರಜದಲ್ಲಿ ಈ ಮನೆತನಗಳಿರುವ ಗಲ್ಲಿಗೆ ತಂಬೂರಿಯನ್ನು ಒಯ್ದೆ. ಮುದುಕರೊಬ್ಬರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊದಲು ನೋಡಿದ್ದು ಬಿರುಕನ್ನಲ್ಲ, ಎಲೆಗಳನ್ನು. ಹೆಬ್ಬೆರಳನ್ನು ಆ ಓರೆ ಗೀರಿನ ಮೇಲೆ ಆಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಾರ ಕೈಯದು ಎಂದು ಕೇಳಿದ್ದಕ್ಕೆ, ಹೆಸರು ಕೇಳಬೇಡಿ, ಗಲ್ಲಿ ಇದೇ, ಎಂದಷ್ಟೇ ಹೇಳಿದರು. ಬಿರುಕಿಗೆ ಒಳಗಿಂದ ಪಟ್ಟಿ ಅಂಟಿಸಿ, ಹೊಸ ತಂತಿ ಕಟ್ಟಿಸಿ, ಕೆಲಸದ ಕೊನೆಗೆ ಜವಾರಿಗೆ ಕೂತರು. ತಂತಿಗಳು ಹಾದುಹೋಗುವ ಕುದುರೆಯ ಬೆನ್ನು ಚಪ್ಪಟೆಯಾಗಿ ಕಂಡರೂ ಚಪ್ಪಟೆಯಲ್ಲ, ಅದಕ್ಕೆ ಕಣ್ಣಿಗೆ ಕಾಣದ ಒಂದು ಇಳಿಜಾರು ಬೇಕು. ತಂತಿ ಅದರ ಮೇಲೆ ಕೂತೂ ಕೂರದಂತೆ, ಪ್ರತಿ ಕಂಪನದಲ್ಲೂ ಬೆನ್ನನ್ನು ಸವರಿ ಸವರಿ ಏಳಬೇಕು. ಅವರು ಸಣ್ಣ ಕಾನಸಿನಿಂದ ಒಮ್ಮೆ ಉಜ್ಜುವರು, ಊದುವರು, ತಂತಿಯನ್ನು ಎತ್ತಿ ಕೂರಿಸಿ ಮೀಟುವರು, ತಲೆಯಾಡಿಸುವರು, ಮತ್ತೆ ಎತ್ತಿ ಒಮ್ಮೆ ಉಜ್ಜುವರು. ಒಂದು ಎಳೆತ ಹೆಚ್ಚಾದರೆ ಮುಗಿಯಿತು, ಹಿಂದಕ್ಕೆ ತರಲಾಗದು. ಬಾಗಿಲಲ್ಲಿ ಬಿಸಿಲು ಜರುಗಿತು, ಆಡು ಬಂದು ಇಣುಕಿ ಹೋಯಿತು, ದರ್ಗಾದ ಕಡೆಯಿಂದ ಲೋಬಾನದ ವಾಸನೆ ತೇಲಿ ಬಂತು. ಕುದುರೆಯ ಮೇಲೆ ಮಾತ್ರ ಹಿಟ್ಟಿನಷ್ಟು ಸಣ್ಣನೆಯ ಪುಡಿ ಬೀಳುತ್ತಲೇ ಇತ್ತು.

ಆಮೇಲೆ ನೂಲು. ತಂತಿಗೂ ಕುದುರೆಗೂ ನಡುವೆ ಹತ್ತಿಯ ಒಂದೆಳೆ ಇಡುತ್ತಾರೆ, ಅದಕ್ಕೆ ಜೀವ ಎಂದೇ ಹೆಸರು. ನನ್ನ ಅಂಗಿಯ ಜೇಬಿನಲ್ಲಿ ಗುಜರಿ ಅಂಗಡಿಯ ಕಾಕಾ ತಂಬೂರಿಯ ಕೊರಳಿಗೆ ಸುತ್ತಿಕೊಟ್ಟಿದ್ದ ನೂಲು ಉಳಿದಿತ್ತು, ಯಾವುದೋ ಮಗ್ಗದಲ್ಲಿ ಹರಿದುಬಿದ್ದ ಹೊಕ್ಕಿನ ಎಳೆ. ಮುದುಕರು ಅದನ್ನೇ ತೆಗೆದುಕೊಂಡು, ಎಂಜಲು ಹಚ್ಚಿ ಹೊಸೆದು, ಖರ್ಜದ ಕೆಳಗೆ ಸೇರಿಸಿದರು. ಮೀಟಿದರು. ಮೊದಲು ಬರೀ ಒಂದು ಹಿತ್ತಾಳೆಯ ಸದ್ದು, ಮುಚ್ಚಿದ ಬಾಗಿಲ ಹಿಂದಿನದು. ಎಳೆಯನ್ನು ಉಗುರಿನಿಂದ ಕೂದಲಷ್ಟು ಮುಂದಕ್ಕೆ ತಳ್ಳಿದರು. ಮೀಟಿದರು. ಇನ್ನೂ ಕೂದಲಷ್ಟು. ಆಗ ಅದು ತೆರೆಯಿತು. ಒಂದೇ ತಂತಿಯಿಂದ ಒಂದರ ಹಿಂದೊಂದು ಸ್ವರಗಳು ಏಳುತ್ತ, ಮೊದಲು ಷಡ್ಜ, ಅದರ ಮೈಯಿಂದ ಇನ್ನೊಂದು ಷಡ್ಜ, ಅದರ ಹೆಗಲ ಮೇಲೆ ಪಂಚಮ, ಎಲ್ಲಕ್ಕೂ ಮೇಲೆ, ಬಹಳ ಎತ್ತರದಲ್ಲಿ, ಬಂಗಾರದ ಸಣ್ಣ ಹುಡಿಯಂತೆ ಬೆಳಕಿನಲ್ಲಿ ತಿರುಗುತ್ತಿದ್ದ ಗಾಂಧಾರ.

ಅದನ್ನು ಯಾರೂ ಮೀಟಿರಲಿಲ್ಲ. ತಂಬೂರಿಯ ನಾಲ್ಕು ತಂತಿಗಳಲ್ಲಿ ಒಂದು ಪಂಚಮ, ಎರಡು ಜೋಡಿನ ಷಡ್ಜ, ಒಂದು ಖರ್ಜ. ಗಾಂಧಾರಕ್ಕೆಂದು ಯಾವ ತಂತಿಯನ್ನೂ ಕಟ್ಟಿಲ್ಲ, ಯಾವ ಬಿರಡೆಯನ್ನೂ ತಿರುವಿಲ್ಲ. ಖರ್ಜ ಸರಿಯಾಗಿ ಸೇರಿದಾಗ ತಾನಾಗಿ ಬರುತ್ತದೆ. ಹಾಡುವವರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಲೆಕ್ಕ ಬಲ್ಲವರಿಗೆ ಇದು ಗೂಢವಲ್ಲ: ತಂತಿ ಇಡಿಯಾಗಿ ಅದುರುತ್ತಲೇ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕಾಗಿ, ಐದಾಗಿಯೂ ಅದುರುತ್ತದೆ; ಐದು ಪಾಲಿನ ಅದುರಿಕೆಯೇ ಗಾಂಧಾರ. ಹಾರ್ಮೋನಿಯಂ ಮನೆಯ ಗಾಂಧಾರಕ್ಕಿಂತ ಅದು ಒಂದು ಎಳೆ ಇಳಿದಿರುತ್ತದೆ, ಅದಕ್ಕೇ ಅಷ್ಟು ತಂಪು. ಎಲ್ಲ ತಂತಿಗಳೂ ಹೀಗೆ ಅದುರುತ್ತವೆ, ಬೇಸ್ ಗಿಟಾರಿನದೂ. ಆದರೆ ತಂಬೂರಿಯಲ್ಲಿ ಅದು ಇಷ್ಟು ಬಿಚ್ಚಿಕೊಳ್ಳುವುದು ಆ ಕುದುರೆ ಮತ್ತು ಆ ನೂಲಿನಿಂದ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ ವೀಣೆ ತಂಬೂರಿಗಳನ್ನು ಪರೀಕ್ಷಿಸಿ 1921ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ನಮ್ಮ ತಂಬೂರಿಯಲ್ಲಿ ಅವು ಹುಟ್ಟುತ್ತವೆ, ಧಾರಾಳವಾಗಿ ಹುಟ್ಟುತ್ತವೆ, ಎಂದು ಅವರು ತೋರಿಸಿದರು. ನಿಯಮಕ್ಕೆ ಒಳಪಡದ ಆ ಸ್ವರಗಳನ್ನು ಯಾವ ಹೆಸರೂ ಇಲ್ಲದ ಬಡಗಿಗಳು, ಶಿಕಲಗಾರರು, ಕಾನಸಿನ ಪುಡಿಯೊಳಗೆ ಕೂತು ಅದೆಷ್ಟೋ ತಲೆಮಾರುಗಳ ಹಿಂದೆಯೇ ಹಿಡಿದಿದ್ದರು.

ನಮ್ಮ ಸಂತೆಗಳಲ್ಲಿ ಅಳೆದು ಕೊಟ್ಟ ಮೇಲೆ ಮುದುಕಿಯೊಬ್ಬಳು ಕೈತುಂಬ ಹಿಡಿದು ಮೇಲೆ ಹಾಕುವ ಕೊಸರು ಇರುತ್ತದಲ್ಲ, ಲೆಕ್ಕಕ್ಕೆ ಸೇರದ್ದು, ಕೇಳಿ ಪಡೆಯಲಾಗದ್ದು, ಈ ಗಾಂಧಾರ ಅಂಥದ್ದು. ಎಂಟುನೂರು ರೂಪಾಯಿಗೆ ತಂಬೂರಿ ಸಿಕ್ಕಿದ್ದು ಅಗ್ಗವೆಂದು ಅಲ್ಲಿಯತನಕ ನಾನು ಹಿಗ್ಗುತ್ತಿದ್ದೆ. ಲಕ್ಷ ಕೊಟ್ಟವನಿಗೂ ಗಾಂಧಾರ ಮಾರಾಟದಲ್ಲಿ ಸೇರುವುದಿಲ್ಲ ಎಂಬುದು ಆ ಮಧ್ಯಾಹ್ನ ಹೊಳೆಯಿತು.

ಅಂದಿನಿಂದ ಈ ಸುತ್ತಲಿನ ಊರುಗಳೇ ಬೇರೆಯಾಗಿ ಕೇಳಿಸತೊಡಗಿವೆ. ಕುರುಂದವಾಡವನ್ನು ಹಾದುಹೋಗುವಾಗ ಅಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಎಳೆತನದಲ್ಲಿ ಪಟಾಕಿಯಿಂದ ಕಣ್ಣು ಕೆಡಿಸಿಕೊಂಡು ಕಿವಿಯನ್ನೇ ನೆಚ್ಚಿ ಮಿರಜದ ದಾರಿ ಹಿಡಿದದ್ದು ನೆನಪಾಗುತ್ತದೆ. ಅವರಿಗೆ ಕಲಿಸಿದ ಬಾಳಕೃಷ್ಣಬುವಾ ಅವರ ಹೆಸರಿನ ಮುಂದೆಯೇ ಇಚಲಕರಂಜೀಕರ್ ಎಂದು ಈ ಊರು ನಿಂತಿದೆ. ಘೋರ್ಪಡೆ ಜಹಗೀರಿನ ಕಾಲದ ಇದೇ ಇಚಲಕರಂಜಿಗೆ 1904ರಲ್ಲಿ ಮೊದಲ ಪವರ್‌ಲೂಮ್ ಬಂತು; ಖ್ಯಾಲಿನ ವಿಲಂಬಿತಕ್ಕೂ ಲಾಳಿಯ ದ್ರುತಕ್ಕೂ ಒಂದೇ ಊರು ಜಾಗ ಕೊಟ್ಟಿತು, ಆಮೇಲೆ ಒಂದನ್ನು ಇನ್ನೊಂದು ಮುಚ್ಚಿಹಾಕಿತು. ಪಲುಸ್ಕರರು ಹುಟ್ಟಿದ ವರ್ಷವೇ ಉತ್ತರದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಕೊನೆಗೆ ನೆಲೆನಿಂತದ್ದು ಮಿರಜದಲ್ಲಿ. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಹುಬ್ಬಳ್ಳಿಯ ಗಂಗೂಬಾಯಿ, ಗದುಗಿನ ಭೀಮಸೇನ. ಬಾಲಕ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರ ಬಳಿ ಕಲಿತದ್ದೂ ಮಿರಜದಲ್ಲೇ. ಧಾರವಾಡದ ಗಾಳಿಯಲ್ಲಿ ಸಂಗೀತವಿದೆ ಎಂದು ನಾವು ಹೆಮ್ಮೆಪಡುತ್ತೇವೆ, ಸರಿಯೇ. ಆ ಗಾಳಿ ಕೃಷ್ಣೆಯನ್ನು ದಾಟಿ ಬಂದದ್ದೆಂಬುದನ್ನೂ 1956ರ ರಾಜ್ಯ ಪುನರ್ವಿಂಗಡಣೆಯ ಗೆರೆಯ ಈ ಬದಿಯಲ್ಲಿ ಕೂತವರು ಹೇಳಬೇಕಾಗುತ್ತದೆ. ಖಾನಸಾಹೇಬರು 1937ರ ಅಕ್ಟೋಬರಿನಲ್ಲಿ ಪುದುಚೇರಿಗೆ ಹೊರಟಿದ್ದಾಗ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿ, ತಂಬೂರಿ ಸೇರಿಸಲು ಶಿಷ್ಯನಿಗೆ ಹೇಳಿ, ದರ್ಬಾರಿಯಲ್ಲಿ ಪ್ರಾರ್ಥಿಸುತ್ತ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಮಿರಜದ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅಷ್ಟು ಹೊತ್ತಿನಲ್ಲಿ, ಅಷ್ಟು ನೋವಿನಲ್ಲಿ, ಗಾಂಧಾರ ಕೇಳುವವರೆಗೆ ಬಿರಡೆ ತಿರುವಿದ ಆ ಶಿಷ್ಯನ ಬೆರಳುಗಳನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ರಾತ್ರಿ ಊಟವಾದ ಮೇಲೆ ತಂಬೂರಿಯನ್ನು ಗೋಡೆಗೊರಗಿಸದೆ ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತೇನೆ. ಹಾಡುವ ಗಂಟಲು ನನ್ನದಲ್ಲ. ಮೀಟುವುದಷ್ಟೇ. ಬೀದಿಯ ಮೂಲೆಯಲ್ಲಿ ಮಗ್ಗಗಳಿಗೆ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರ್ ಇದೆ, ಅದರ ಗುಂಯ್‌ಗುಡುವಿಕೆ ಕಿವಿಗೆ ಎಂದೂ ಹಿತವಾಗಿದ್ದಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲಿ ಎರಡು ಬಾರಿ ಒಳಗಿನ ಕಬ್ಬಿಣದ ತಗಡುಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುವುದರಿಂದ ಅದರ ಸದ್ದು ಸೆಕೆಂಡಿಗೆ 100 ಕಂಪನದ್ದು. ಒಂದು ರಾತ್ರಿ ಬಿರಡೆ ತುಸು ಸಡಿಲವಾಗಿ ಶ್ರುತಿ ಇಳಿದಿತ್ತು, ಹಾರ್ಮೋನಿಯಂನ ಬಿಳಿ ಒಂದಕ್ಕೂ ಕರಿ ಒಂದಕ್ಕೂ ನಡುವೆ, ಬಿಳಿಯ ಪಕ್ಕಕ್ಕೆ ಸರಿದು ನಿಂತಿತ್ತು. ಮೀಟುತ್ತ ಹೋದಂತೆ ಪಂಚಮದ ತಂತಿ ಬೀದಿಯ ಗುಂಯ್‌ಗುಡುವಿಕೆಯೊಳಗೆ ಹೋಗಿ ಕೂತುಬಿಟ್ಟಿತು, ಯಾವುದು ಒಳಗಿನದು ಯಾವುದು ಹೊರಗಿನದು ಎಂದು ಬಿಡಿಸಲಾಗದಷ್ಟು. ಆಮೇಲೆ ಲೆಕ್ಕ ಹಾಕಿದೆ: ಪಂಚಮ 100 ಆದರೆ ಖರ್ಜ 67ರ ಹತ್ತಿರ. ಬೇಸ್ ಗಿಟಾರಿನ ದಪ್ಪ ತಂತಿಯಿಂದ ಎಣಿಸಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಜಾಗ ಅದು. ಹಾಗಾದರೆ ಇಷ್ಟು ದಿನ, ಇಷ್ಟು ವರ್ಷ, ಈ ಊರಿನ ನೆತ್ತಿಯ ಮೇಲೆ ಒಂದು ಪಂಚಮ ಬಿಡದೆ ಮಿಡಿಯುತ್ತಲೇ ಇತ್ತು, ಕೆಳಗಿನ ಷಡ್ಜವೊಂದು ಬಂದು ಸೇರಲೆಂದು ಕಾದಿತ್ತು. ಮಗ್ಗಗಳು ಆ ಪಂಚಮದ ಮೇಲೆ ತಾಳ ಹಾಕುತ್ತಿದ್ದವು. ಶೆಡ್ಡಿನ ಹುಡುಗರು ಕಿವಿಗೆ ಹತ್ತಿ ತುರುಕಿಕೊಂಡು ಹರಿದ ಎಳೆಗಳನ್ನು ಗಂಟು ಹಾಕುತ್ತಿದ್ದರು. ಖರ್ಜವನ್ನು ಮತ್ತೊಮ್ಮೆ ಸವರಿದೆ. ಇಡೀ ಯಡ್ರಾವದ ಸದ್ದು, ನಾನು ಗದ್ದಲವೆಂದು ಕರೆಯುತ್ತಿದ್ದ ಸದ್ದು, ಒಂದು ಗಳಿಗೆ ಅದರ ಮಡಿಲಿಗೆ ಇಳಿದು ಬಂತು, ಎಲ್ಲಕ್ಕೂ ಮೇಲೆ ಆ ಗಾಂಧಾರ ತಿರುಗುತ್ತಿತ್ತು. ದೇವರು, ದರ್ಶನ, ಅಂಥ ದೊಡ್ಡ ಮಾತುಗಳನ್ನು ಆಡಲು ನನಗೆ ಸಂಕೋಚ. ಕೈ ಮಾತ್ರ ತಾನಾಗಿ ಮುಗಿಯಿತು.

ಗಿಟಾರಿನ ವಿಷಯ ಹೇಳಬೇಕು. ಮನೆಯ ಹುಡುಗ ಮೊದಲಿಗೆ ಮುಖ ಊದಿಸಿದ. ಈಗ ತಂಬೂರಿಯ ಖರ್ಜಕ್ಕೆ ಫೋನು ಹಿಡಿದು ರೆಕಾರ್ಡು ಮಾಡಿಕೊಂಡು, ಅದರ ಮೇಲೆ ಏನೇನೋ ಕಟ್ಟುತ್ತಾನೆ. ಬಾಗಿದ ಕತ್ತಿನ ಆ ಗಿಟಾರನ್ನೂ ಕಾಕಾ ಕಡೆಗೆ ಬೆಲೆ ಇಳಿಸಿ ಕೊಟ್ಟರು. ರಿಪೇರಿಗೆ ಕೊಂಡ ಬೆಲೆಗಿಂತ ಹೆಚ್ಚಾಯಿತು.

ಇದನ್ನು ಓದುವವರ ಮನೆಯಲ್ಲಿ, ಹುಬ್ಬಳ್ಳಿಯಲ್ಲೋ ಜಮಖಂಡಿಯಲ್ಲೋ ಅಥಣಿಯಲ್ಲೋ, ಅಜ್ಜಿಯದೋ ಸೋದರಮಾವನದೋ ತಂಬೂರಿ ಅಟ್ಟದ ಮೇಲಿರಬಹುದು. ಇಳಿಸಿ ನೋಡಿ. ಕೂಡಲೇ ನುಡಿಸದಿದ್ದರೆ ತಂತಿಗಳನ್ನು ತುಸು ಸಡಿಲಿಸಿ, ಬಿಸಿಲು ಬೀಳದ, ತೇವವಿಲ್ಲದ ಜಾಗದಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ. ಬುರುಡೆ ಒಡೆದಿದ್ದರೂ, ಬಿರಡೆ ಕಳೆದಿದ್ದರೂ ದೀಪದ ಕಂಬ ಮಾಡುವವರಿಗೆ ಮಾರಬೇಡಿ, ರಿಪೇರಿ ಮಾಡುವವರು ಇನ್ನೂ ಇದ್ದಾರೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಮಿರಜಕ್ಕೆ ನೇರ ರೈಲಿದೆ. ಒಯ್ಯುವಾಗ ಮಾತ್ರ ಸೀಟಿನ ಕೆಳಗೆ ತುರುಕಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ.